ಹೊಲಿಗೆ ಕಾಣುವ ವೇಷ

ಕ್ಯಾಮೆರಾದ ಹಿಂದೆ ನಿಂತವರು ಫೋಟೋಗ್ರಾಫರ್, ಮುಂದೆ ನಿಂತವರು ಗಿರಾಕಿ. ಲೋಕದಲ್ಲಿ ಇಷ್ಟು ಸ್ಪಷ್ಟವಾದ ಏರ್ಪಾಡು ಇನ್ನೊಂದಿರಲಾರದು. ಹಿಂದಿನವರು ‘ಗದ್ದ ಸ್ವಲ್ಪ ಇಳಿಸಿ’ ಅಂದರೆ ಮುಂದಿನವರು ಇಳಿಸಬೇಕು. ‘ಸ್ವಲ್ಪ ನಗಿ’ ಅಂದರೆ ನಗಬೇಕು. ‘ಅಷ್ಟು ಬೇಡ’ ಅಂದರೆ ನಗೆಯನ್ನು ಅರ್ಧಕ್ಕೇ ನುಂಗಬೇಕು. ಇಷ್ಟೆಲ್ಲ ಅಪ್ಪಣೆ ಪಾಲಿಸಿದ ಮೇಲೆ ದುಡ್ಡನ್ನೂ ತಾವೇ ಕೊಡಬೇಕು.

ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಈ ಏರ್ಪಾಡನ್ನು ಸುಮಾರು ಮೂವತ್ತು ವರ್ಷಗಳಿಂದ ಕಲಸಿ ಇಟ್ಟಿದ್ದಾರೆ. ಅವರು ನಿಲ್ಲುವುದು ಕ್ಯಾಮೆರಾದ ಮುಂದೆ. ಒಮ್ಮೆ ಮುಖವಾಡ ತೊಟ್ಟ ಸಾಹಸಿ, ಒಮ್ಮೆ ರವಿವರ್ಮನ ಲಕ್ಷ್ಮಿ, ಒಮ್ಮೆ ಪೊಲೀಸರ ಕೈಗೆ ಸಿಕ್ಕ ಕಳ್ಳಿ, ಇನ್ನೊಮ್ಮೆ ಸಾಕ್ಷಾತ್ ವಾಸ್ಕೋ ಡ ಗಾಮ. ಗುಂಡಿ ಒತ್ತುವವರು ಬೇರೊಬ್ಬರು. ಅವರ ಹೆಸರನ್ನೂ ಮುಚ್ಚಿಡದೆ ಹಾಕಿರುತ್ತಾರೆ. ಆದರೂ ಕೃತಿ ಪುಷ್ಪಮಾಲಾ ಅವರದು. ಯೋಚನೆ ಅವರದು, ವೇಷ ಅವರದು, ಸೆಟ್ಟು ಅವರದು, ಸೆಟ್ಟಿನ ಮುಂದೆ ನಿಂತ ಮೈಯೂ ಅವರದೇ. ಕಲಾಲೋಕದಲ್ಲಿ ಇದನ್ನು ಫೋಟೋ ಪರ್ಫಾರ್ಮೆನ್ಸ್ ಅನ್ನುತ್ತಾರೆ.

ಇದನ್ನು ನಮ್ಮ ಬೀದಿಯ ಸ್ಟುಡಿಯೋ ಯಜಮಾನರಿಗೆ ವಿವರಿಸಲು ಹೋದೆ. ಅವರು ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸುತ್ತಲೇ ಕೇಳಿದರು: ‘ಅಲ್ಲಾ ಸಾರ್, ಬಟನ್ ಒತ್ತಿದ್ದು ಒಬ್ಬರು, ಫೋಟೋ ಇನ್ನೊಬ್ಬರದು ಅಂದ್ರೆ, ಇಷ್ಟು ವರ್ಷ ನಾನು ತೆಗೆದ ಮದುವೆ ಫೋಟೋಗಳೆಲ್ಲ ಮದುಮಕ್ಕಳ ಕೃತಿಗಳಾ?’

ತಮಾಷೆಗೆ ಕೇಳಿದ್ದಾದರೂ ಪ್ರಶ್ನೆ ಗಟ್ಟಿಯಾಗಿತ್ತು. ಆ ಮದುಮಕ್ಕಳಿಗೆ ಹಾಗೆ ನಿಲ್ಲಲು ಕಲಿಸಿದವರು ಯಾರು? ನಮ್ಮ ಅಜ್ಜಂದಿರ ಕಾಲದಲ್ಲಿ ಗಂಡ ಕುರ್ಚಿಯಲ್ಲಿ ಕೂರುತ್ತಿದ್ದ, ಹೆಂಡತಿ ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನಿನ ಮೇಲೆ ಕೈಯಿಡುತ್ತಿದ್ದಳು. ಆಮೇಲೆ ಇಬ್ಬರೂ ನಿಂತರು. ಆಮೇಲೆ ಹೃದಯದಾಕಾರದ ಚೌಕಟ್ಟಿನೊಳಗೆ ಇಬ್ಬರ ಮುಖ ಮಾತ್ರ ತೇಲಿತು. ಈಗ ಮದುವೆಗೆ ಮೊದಲೇ ಜೋಡಿ ಬೆಟ್ಟದ ತುದಿಗೆ ಹೋಗಿ, ಹತ್ತು ಮೀಟರ್ ಉದ್ದದ ಗೌನಿನ ಸೆರಗನ್ನು ಗಾಳಿಗೆ ಹಾರಿಸಿ, ಯಾವುದೋ ಸಿನಿಮಾದ ಹಾಡಿನಲ್ಲಿ ಕಂಡ ಹಾಗೆ ದಿಗಂತ ನೋಡುತ್ತಾ ನಿಲ್ಲುತ್ತದೆ. ಗೌನು ಬಾಡಿಗೆಯದು, ದಿಗಂತ ಬಿಟ್ಟಿ. ಈ ನಿಲುವುಗಳಲ್ಲಿ ಒಂದನ್ನೂ ಮದುಮಕ್ಕಳು ಕಂಡುಹಿಡಿಯಲಿಲ್ಲ, ಫೋಟೋಗ್ರಾಫರೂ ಕಂಡುಹಿಡಿಯಲಿಲ್ಲ. ಇಬ್ಬರೂ ಹಿಂದೆ ಎಲ್ಲೋ ನೋಡಿದ ಚಿತ್ರವೊಂದಕ್ಕೆ ಸೇವೆ ಸಲ್ಲಿಸುತ್ತಿದ್ದಾರೆ. ಫೋಟೋ ಮನುಷ್ಯನನ್ನು ನಕಲು ಮಾಡುತ್ತದೆ ಎಂದು ನಾವು ನಂಬಿದ್ದೇವೆ. ಹೆಚ್ಚಿನ ಸಲ ಮನುಷ್ಯನೇ ಫೋಟೋವನ್ನು ನಕಲು ಮಾಡುತ್ತಿರುತ್ತಾನೆ.

ಪುಷ್ಪಮಾಲಾ ಅವರ ವೃತ್ತಿಯನ್ನೆಲ್ಲ ಈ ಒಂದು ಮೊಳೆಗೆ ನೇತುಹಾಕಬಹುದು ಎಂಬುದು ನನ್ನ ವಾದ. ಆದರೆ ವಾದಕ್ಕೆ ಅವಸರವಿಲ್ಲ. ಯಾಕೆಂದರೆ ಅವರು ಬೆಂಗಳೂರಿನಲ್ಲಿ ನಡೆಸುವ ಸಂಸ್ಥೆಯ ಹೆಸರೇ ‘ಸೋಂಬೇರಿಕಟ್ಟೆ’. ಅದು ಕಾಲ್ಪನಿಕ ಸಂಸ್ಥೆ. ಕಟ್ಟಡವಿಲ್ಲ, ಜವಾನನಿಲ್ಲ, ಹಾಜರಿ ಪುಸ್ತಕವಿಲ್ಲ. ಒಮ್ಮೆ ಅದು ಮಾತುಕತೆಯ ವೇದಿಕೆ, ಒಮ್ಮೆ ಚಿತ್ರ ನಿರ್ಮಾಣ ಸಂಸ್ಥೆ. ಊರ ಮುಂದಿನ ಅರಳಿಕಟ್ಟೆಯ ಮೇಲೆ ಕೂತು ಹೋಗಿಬರುವವರ ನಡಿಗೆ, ಉಡುಗೆ, ಮೋರೆ ನೋಡಿ ಷರಾ ಬರೆಯುವ ಕೆಲಸವಿಲ್ಲದವರ ಕೂಟವನ್ನೇ ಕಲಾಸಂಸ್ಥೆಯಾಗಿ ನೋಂದಾಯಿಸಿಕೊಂಡ ಹಾಗಿದೆ. ಆ ಕಟ್ಟೆಯ ಒಂದು ಮೂಲೆಯಲ್ಲಿ ಕೂರಲು ಹರಟೆಯವರಿಗೂ ಹಕ್ಕಿದೆ.

ಅವರು 1956ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದ್ದು ಅರ್ಥಶಾಸ್ತ್ರ, ಇಂಗ್ಲಿಷ್, ಮನಃಶಾಸ್ತ್ರ. ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಈ ಮೂರು ವಿಷಯ ಓದಿದವರು ಬ್ಯಾಂಕಿನ ಪರೀಕ್ಷೆ ಬರೆಯುವುದು ವಾಡಿಕೆ. ಇವರು ಬರೋಡಾಕ್ಕೆ ಹೋಗಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆಗೆ ಸೇರಿದರು. 1982ರಲ್ಲಿ ಪದವಿ, 1985ರಲ್ಲಿ ಸ್ನಾತಕೋತ್ತರ ಪದವಿ. ಆಗ ಬರೋಡಾದಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಗಾಳಿ ಬಲವಾಗಿತ್ತು. ಜಾತ್ರೆಯ ಗೊಂಬೆ, ಗಾಜಿನ ಮೇಲಿನ ಚಿತ್ರ, ಸುಟ್ಟ ಮಣ್ಣಿನ ಹಲಗೆ ಇವೆಲ್ಲ ದೊಡ್ಡ ಕಲೆಯ ನೆಂಟರೇ ಎಂದು ಒಪ್ಪಿದ್ದ ಜಾಗ ಅದು. ಅದೇ ಊರಿನ ಭೂಪೇನ್ ಖಖ್ಖರ್ ಅವರು ಕ್ಷೌರಿಕ, ಗಡಿಯಾರ ರಿಪೇರಿಯವನು ಮುಂತಾದವರನ್ನು ಕ್ಯಾಲೆಂಡರಿನ ಬಣ್ಣಗಳಲ್ಲಿ ಬರೆದು ಗಂಭೀರ ಕಲಾರಸಿಕರ ನಿದ್ದೆ ಕೆಡಿಸಿದ್ದರು. ಪುಷ್ಪಮಾಲಾ ಅವರು ಸುಟ್ಟ ಮಣ್ಣಿನಲ್ಲಿ ಹೆಣ್ಣುಗಳನ್ನು ಮಾಡಿದರು. 1984ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂತು, 1986ರಲ್ಲಿ ಭಾರತದ ಆರನೆಯ ತ್ರೈವಾರ್ಷಿಕ ಪ್ರದರ್ಶನದಲ್ಲಿ ಚಿನ್ನದ ಪದಕ.

ಚಿನ್ನದ ಪದಕ ಬಂದ ಕೆಲಸವನ್ನು ಬಿಡುವುದು ನಮ್ಮ ಕಡೆ ಬುದ್ಧಿವಂತರ ಲಕ್ಷಣವಲ್ಲ. ಬೇಡಿಕೆ ಇರುವಾಗ ಅದೇ ಹೆಣ್ಣನ್ನು ಸ್ವಲ್ಪ ಎತ್ತರ, ಸ್ವಲ್ಪ ಗಿಡ್ಡ ಮಾಡುತ್ತಾ ನಿವೃತ್ತಿಯವರೆಗೆ ಕಾಲ ಹಾಕಬಹುದಿತ್ತು. ಇವರು ತೊಂಬತ್ತರ ದಶಕದ ನಡುವೆ ಮಣ್ಣಿನ ಹೆಣ್ಣುಗಳನ್ನು ಬಿಟ್ಟು ತಾವೇ ಪೀಠದ ಮೇಲೆ ಹತ್ತಿದರು. ಶಿಲ್ಪಿ ಶಿಲ್ಪವಾದರು ಅನ್ನಿ. ನೋಡಿದರೆ ದೊಡ್ಡ ಜಿಗಿತ, ಯೋಚಿಸಿದರೆ ಅಲ್ಲ. ಮೈಯ ತೂಕ ಯಾವ ಕಾಲಿನ ಮೇಲೆ, ಕತ್ತು ಎಷ್ಟು ಓರೆ, ಸೆರಗಿನ ನಿರಿಗೆ ಎಲ್ಲಿ ಮುರಿಯಬೇಕು ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದವರಿಗೆ ಫೋಟೋಗೆ ನಿಲ್ಲುವುದು ಶಿಲ್ಪದ ಕೆಲಸವೇ.

ಮೊದಲ ದೊಡ್ಡ ವೇಷ ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’, 1996ರಿಂದ 98ರ ನಡುವಿನದು. ಮುಂಬಯಿಯ ಬೀದಿ, ಕಟ್ಟಡಗಳ ನಡುವೆ ಕಪ್ಪುಬಿಳುಪಿನಲ್ಲಿ ಹಿಡಿದ ಸಾಲುಚಿತ್ರಗಳ ಕತೆ. ಕಣ್ಣಿಗೆ ಮುಖವಾಡ, ಟೋಪಿ, ಮೇಲಂಗಿ. ಕ್ಯಾಮೆರಾ ಹಿಡಿದವರು ಮೀನಲ್ ಅಗರ್ವಾಲ್. ಹಿಂದಿ ಸಿನಿಮಾದ ಧರ್ಮದಂತೆ ಇದರಲ್ಲೂ ಅವಳಿ ಅಕ್ಕತಂಗಿಯರಿದ್ದಾರೆ. ಒಬ್ಬಳು ಸಾಹಸಿ, ಇನ್ನೊಬ್ಬಳು ಕ್ಲಬ್ಬಿನ ವ್ಯಾಂಪ್. ಎರಡೂ ಪಾತ್ರ ಪುಷ್ಪಮಾಲಾ ಅವರದೇ. ಸಾಹಸಿಯ ಹಿಂದೆ ಇರುವವಳು ಫಿಯರ್‌ಲೆಸ್ ನಾಡಿಯಾ. ಆಕೆಯ ಕತೆಯೇ ಒಂದು ವೇಷಾಂತರ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1908ರಲ್ಲಿ ಹುಟ್ಟಿದ ಮೇರಿ ಆನ್ ಇವಾನ್ಸ್, ವಾಡಿಯಾ ಸೋದರರ ಕೈಗೆ ಸಿಕ್ಕಿ 1935ರ ‘ಹಂಟರ್‌ವಾಲಿ’ಯಲ್ಲಿ ಚಾಟಿ ಹಿಡಿದು ನಿಂತಳು. ಹೊಂಬಣ್ಣದ ಕೂದಲಿನ ಬಿಳಿ ಹೆಂಗಸು ಭಾರತದ ರಾಜಕುಮಾರಿ ಎಂದರೆ ಜನ ನಂಬಿದರೇ? ನಂಬುವುದು ಹಾಗಿರಲಿ, ಸೀಟಿ ಹೊಡೆದರು. ವೇಷ ಎಷ್ಟು ಸಾಚಾ ಎಂದು ಪ್ರೇಕ್ಷಕ ಕೇಳುವುದಿಲ್ಲ. ಆಟ ಎಷ್ಟು ಚೆನ್ನಾಗಿದೆ ಎಂದು ಕೇಳುತ್ತಾನೆ.

ಅಮೆರಿಕದ ಸಿಂಡಿ ಶರ್ಮನ್ 1977ರಿಂದ 80ರವರೆಗೆ ಸಿನಿಮಾ ಸ್ಟಿಲ್‌ಗಳ ರೀತಿಯ ಫೋಟೋಗಳಿಗೆ ತಾವೇ ನಿಂತು ಹೆಸರಾದವರು, ಇವರೂ ಅದನ್ನೇ ಮಾಡಿದ್ದಲ್ಲವೇ ಎಂದು ತಿಳಿದವರು ಕೇಳಬಹುದು. ಶರ್ಮನ್ ಅವರ ಸ್ಟಿಲ್‌ಗಳಿಗೆ ಹಿಂದೆ ಸಿನಿಮಾ ಇಲ್ಲ. ಎಲ್ಲೋ ನೋಡಿದಂತಿದೆ ಎಂಬ ಭ್ರಮೆಯೇ ಅಲ್ಲಿನ ಬಂಡವಾಳ. ಪುಷ್ಪಮಾಲಾ ಅವರ ಮುಖ್ಯ ಚಿತ್ರಗಳಿಗೆ ಮೂಲವಿದೆ, ಅದು ನಮ್ಮ ಗೋಡೆಯ ಮೇಲೇ ನೇತಾಡುತ್ತಿದೆ.

ಅಮೆರಿಕದ ತನಕ ಹೋಗುವುದೂ ಬೇಡ. ನಮ್ಮಲ್ಲಿ ಹಗಲುವೇಷದವರಿಲ್ಲವೇ? ಊರಿಗೆ ಬಂದರೆ ದಿನಕ್ಕೊಂದು ವೇಷ. ಇವತ್ತು ರಾಮಲಕ್ಷ್ಮಣ, ನಾಳೆ ಆಂಜನೇಯ, ನಾಡಿದ್ದು ಇನ್ಯಾರೋ. ಯಕ್ಷಗಾನದ ವೇಷಕ್ಕೆ ರಾತ್ರಿಯ ರಕ್ಷಣೆಯಿದೆ, ನಾಟಕದ ವೇಷಕ್ಕೆ ದೀಪದ ಕೃಪೆಯಿದೆ. ಹಗಲುವೇಷ ಮಟಮಟ ಮಧ್ಯಾಹ್ನ ಕಿರಾಣಿ ಅಂಗಡಿಯ ಮುಂದೆ ನಿಲ್ಲಬೇಕು. ಬಣ್ಣ ಬೆವರಿಗೆ ಇಳಿಯುವುದು ಕಾಣುತ್ತದೆ, ಗದೆಯ ಕಾಗದ ಕಿತ್ತದ್ದು ಕಾಣುತ್ತದೆ, ಆಂಜನೇಯನ ಬಾಲಕ್ಕೆ ಕಟ್ಟಿದ ತಂತಿ ಕಾಣುತ್ತದೆ. ಆದರೂ ಅಂಗಡಿಯವನು ಕೈಮುಗಿದು ಕಾಸು ಹಾಕುತ್ತಾನೆ. ಪುಷ್ಪಮಾಲಾ ಅವರ ಕಲೆಯನ್ನು ಹಗಲುವೇಷ ಅಂದರೆ ನನ್ನ ಮಟ್ಟಿಗೆ ಅದು ಹೊಗಳಿಕೆ. ಅವರ ಚಿತ್ರಗಳಲ್ಲೂ ಪರದೆಯ ಸುಕ್ಕು ಕಾಣುತ್ತದೆ, ರಟ್ಟು ರಟ್ಟೆಂದೇ ತಿಳಿಯುತ್ತದೆ. ಹೊಲಿಗೆಯನ್ನು ಮುಚ್ಚಲು ಬಾರದೆ ಬಿಟ್ಟದ್ದಲ್ಲ, ಬೇಕೆಂದೇ ಹೊರಗಿಟ್ಟದ್ದು.

ಹೊಲಿಗೆ ಕಾಣದಂತೆ ಮುಚ್ಚುವ ವಿದ್ಯೆಯೂ ಅವರಿಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ ಮುಂಬಯಿಯ ಕೆಲಸ. ಅಲ್ಲಿ ದಾದರ್‌ನಲ್ಲಿ ಜೆ.ಎಚ್. ಠಕ್ಕರ್ ಎಂಬ ಹಿರಿಯ ಫೋಟೋಗ್ರಾಫರು ಇಂಡಿಯಾ ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಹಿಂದಿ ಸಿನಿಮಾದ ಕಪ್ಪುಬಿಳುಪು ಕಾಲದ ತಾರೆಯರ ಭಾವಚಿತ್ರ ತೆಗೆದ ಕೈ ಅದು. ಮುಖದ ಅರ್ಧಕ್ಕೆ ಬೆಳಕು ಸುರಿದು, ಇನ್ನರ್ಧವನ್ನು ಕತ್ತಲೆಗೆ ಬಿಟ್ಟು, ಕಣ್ಣಂಚಿನಲ್ಲಿ ಒಂದು ಹೊಳಪು ಉಳಿಸುವ ವಿದ್ಯೆ ಅವರದು. 2000ದಿಂದ 2003ರ ನಡುವೆ ಪುಷ್ಪಮಾಲಾ ಅವರು ಆ ಹಿರಿಯರ ಮುಂದೆ ನವರಸಗಳನ್ನು ಅಭಿನಯಿಸಿ ‘ನವರಸ’ ಸರಣಿ ಮಾಡಿದರು. ಭರತಮುನಿ ಎಂಟು ರಸ ಹೇಳಿದ, ಒಂಬತ್ತನೆಯ ಶಾಂತವನ್ನು ಆಮೇಲಿನವರು ಸೇರಿಸಿದರು ಎಂದು ಪಂಡಿತರು ಕಿತ್ತಾಡುತ್ತಾರೆ. ಠಕ್ಕರ್ ಅವರ ಲೈಟಿನಲ್ಲಿ ಒಂಬತ್ತೂ ಸಿನಿಮಾ ನಟಿಯರಾಗಿ ಬಂದವು. ಅಳು ಕೂಡ ಎಷ್ಟು ಚೆಂದ ಎಂದರೆ ದುಃಖಕ್ಕಿಂತ ಮೊದಲು ಮೇಕಪ್ಪಿನ ಚಿಂತೆ ಬರುತ್ತದೆ. ಭಾವ ಒಳಗಿನಿಂದ ಬರುತ್ತದೆ ಎನ್ನುವವರು ಈ ಸರಣಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅರ್ಧಭಾಗ ಭಾವ ಮೇಲಿನ ಬಲ್ಬಿನಿಂದ ಬಂದಿದೆ.

ಈಗ ಅವರ ದೊಡ್ಡ ಕೃತಿಗೆ ಬರೋಣ. ‘ದಕ್ಷಿಣ ಭಾರತದ ದೇಶೀ ಹೆಂಗಸರು: ಆಚಾರ ವಿಚಾರಗಳು’ ಎಂದು ಅದರ ಇಂಗ್ಲಿಷ್ ಹೆಸರನ್ನು ಕನ್ನಡಕ್ಕಿಳಿಸಬಹುದು. 2000ದಿಂದ 2004ರವರೆಗೆ ನಡೆದ ಕೆಲಸ. ನೆರವು ಕೊಟ್ಟದ್ದು ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್. ಜೊತೆಗಾರ್ತಿ ಕ್ಲೇರ್ ಆರ್ನಿ, ಬ್ರಿಟಿಷ್ ಮೂಲದ ಫೋಟೋಗ್ರಾಫರ್, ಬದುಕಿನ ಬಹುಪಾಲನ್ನು ದಕ್ಷಿಣ ಭಾರತದಲ್ಲೇ ಕಳೆದವರು. ದೇಶೀ ಹೆಂಗಸನ್ನು ಬಿಳಿಯರು ಫೋಟೋ ಹಿಡಿಯುವ ಹಳೆಯ ನಾಟಕವನ್ನು ಇಬ್ಬರು ಸ್ನೇಹಿತೆಯರು ಕೂಡಿ ಮತ್ತೆ ಆಡಿದರು. ಈ ಸಲ ಹುಕುಂ ಕೊಟ್ಟವರು ದೇಶೀ ಹೆಂಗಸು. ಅಷ್ಟೇ ವ್ಯತ್ಯಾಸ.

‘ಆಚಾರ ವಿಚಾರಗಳು’ ಎಂಬ ಆ ಹೆಸರು ಕೇಳಿದೊಡನೆ ಮೈಸೂರು ಸೀಮೆಯವರಿಗೆ ಅಬ್ಬೆ ದ್ಯುಬುವಾ ನೆನಪಾಗಬೇಕು. ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಕಡೆ ಕೆಲಸ ಮಾಡಿದ ಈ ಫ್ರೆಂಚ್ ಪಾದ್ರಿ, ನಮ್ಮವರಂತೆ ಉಟ್ಟು ನಮ್ಮವರಂತೆ ಉಂಡು, ಹಿಂದೂಗಳ ಆಚಾರ ವಿಚಾರಗಳ ಮೇಲೆ ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಕಣ್ಣಾರೆ ಕಂಡವನ ಬರಹ ಎಂದು ಅದಕ್ಕೆ ಭಾರಿ ಮರ್ಯಾದೆ. ಒಂದೂವರೆ ಶತಮಾನದ ಮೇಲೆ ವಿದ್ವಾಂಸರು ಕೆದಕಿ ನೋಡಿದರೆ, ಅದರ ಬಹುಭಾಗಕ್ಕೆ ಅವನಿಗಿಂತ ಹಿಂದಿನ ಇನ್ನೊಬ್ಬ ಫ್ರೆಂಚ್ ಪಾದ್ರಿಯ ಬರಹ ಮೂಲವೆಂದು ಗೊತ್ತಾಯಿತು. ಪರರ ಆಚಾರ ತಿಳಿಸಲು ಹೊರಟ ಪುಸ್ತಕವೇ ಪರರ ಅಂಗಿ ತೊಟ್ಟಿತ್ತು!

ಪುಷ್ಪಮಾಲಾ ಅವರ ಸರಣಿಯಲ್ಲಿ ಮೊದಲು ಹತ್ತು ‘ಮಾದರಿ’ಗಳಿವೆ. ರವಿವರ್ಮನಿಂದ ಮೂರು: ಲಕ್ಷ್ಮಿ, ಕೆರೆಯಿಂದ ನೀರು ತರುವವಳು, ಬೆಳದಿಂಗಳಿನ ಹೆಂಗಸು. ಬಿಜಾಪುರದ ಚಿಕಣಿಚಿತ್ರದಿಂದ ಒಬ್ಬ ಯೋಗಿನಿ. ವೇಲಂಕಣ್ಣಿಯ ಮಾತೆ. ನೀಲಗಿರಿಯ ತೋಡ ಹೆಂಗಸು. ಸರ್ಕಸ್ಸಿನವಳು. ತಮಿಳು ಸಿನಿಮಾದ ಸ್ಟಿಲ್ಲಿನಿಂದ ಚಾಟಿ ಬೀಸುವ ಜಯಲಲಿತಾ. ಕನ್ನಡ ಸಿನಿಮಾದ ಸ್ಟಿಲ್ಲಿನಿಂದ ಒಂದು ಚೆಲ್ಲಾಟದ ದೃಶ್ಯ. ಕೊನೆಗೆ ಪತ್ರಿಕೆಯಲ್ಲಿ ಬಂದಿದ್ದ, ಕಳ್ಳತನದ ಆರೋಪ ಹೊತ್ತ ಹೆಂಗಸರ ಚಿತ್ರ. ಪಟ್ಟಿಯನ್ನು ಇನ್ನೊಮ್ಮೆ ಓದಿ. ದೇವಿ, ಕಳ್ಳಿ, ಸಂತಳು, ಮುಂದೆ ಮುಖ್ಯಮಂತ್ರಿಯಾದ ನಟಿ, ಬೆಟ್ಟದ ಹೆಂಗಸು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ನಮ್ಮ ಊಟದ ಮನೆಗಳಲ್ಲಿ ಇಂಥ ಪಂಕ್ತಿ ಅಪರೂಪ.

ಈ ಪೈಕಿ ಲಕ್ಷ್ಮಿಯ ವಿಚಾರ ನೋಡಿ. ಕಮಲದ ಮೇಲೆ ನಿಂತು, ಪಕ್ಕದಲ್ಲಿ ಆನೆಯನ್ನಿಟ್ಟುಕೊಂಡ ಆ ಲಕ್ಷ್ಮಿ ನಮ್ಮ ಅಂಗಡಿ, ಬ್ಯಾಂಕು, ದೇವರಮನೆಗಳಲ್ಲಿ ಎಷ್ಟು ಹರಡಿದ್ದಾಳೆಂದರೆ ವೈಕುಂಠದಲ್ಲಿ ಬೇರೆ ಮುಖದವಳು ಎದುರಾದರೆ ನಾವು ಗುರುತು ಚೀಟಿ ಕೇಳಿಯೇವು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದದ್ದರಿಂದ ಆದದ್ದಿದು. ಆತನ ದೇವತೆಗಳ ನಿಲುವಿನಲ್ಲಿ ಆ ಕಾಲದ ನಾಟಕ ಕಂಪನಿಗಳ ಛಾಯೆಯಿದೆ. ಆಮೇಲೆ ನಾಟಕದವರು ಆತನ ಚಿತ್ರ ನೋಡಿ ಸೀರೆ ಉಟ್ಟರು. ಆ ಅಚ್ಚುಕೂಟದಲ್ಲಿ ಕೆಲಸ ಮಾಡಿದ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದ. ಸಿನಿಮಾದಿಂದ ಕ್ಯಾಲೆಂಡರಿಗೆ ಬಂತು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರನ್ನೂ ಬರೆದರು, ಕ್ಯಾಲೆಂಡರಿನ ದೇವರನ್ನೂ ಬರೆದರು. ಎರಡರ ನಡುವಿನ ಗಡಿ ಅವರ ಕುಂಚಕ್ಕೆ ಗೊತ್ತಿರಲಿಲ್ಲ. ಇಷ್ಟು ಕೈ ದಾಟಿ ಬಂದ ಲಕ್ಷ್ಮಿಯ ಹೊಲಿಗೆ ಎಲ್ಲೂ ಕಾಣುವುದಿಲ್ಲ, ಸಮುದ್ರದಿಂದ ನೇರವಾಗಿ ಎದ್ದವಳೆಂದೇ ನಂಬುತ್ತೇವೆ. ಪುಷ್ಪಮಾಲಾ ಅವರು ಅದೇ ಕಮಲದ ಮೇಲೆ ನಿಂತಾಗ ಕಮಲ ರಟ್ಟಿನದು, ಸರೋವರ ಬಣ್ಣ ಬಳಿದದ್ದು ಎಂದು ಕಾಣುತ್ತದೆ. ಅದರಿಂದ ಲಕ್ಷ್ಮಿಗೆ ಅವಮಾನವೇನೂ ಆಗಲಿಲ್ಲ, ನಮ್ಮ ಕಣ್ಣಿಗೆ ಸ್ವಲ್ಪ ನೀರು ಚಿಮುಕಿಸಿದಂತಾಯಿತು.

ಯೋಗಿನಿಯ ಮೂಲ ಇರುವುದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ. ಇಬ್ರಾಹಿಂ ಆದಿಲ್ ಶಾ ಆಳುತ್ತಿದ್ದ ಬಿಜಾಪುರದಲ್ಲಿ ಯಾವನೋ ಕಲಾವಿದ ಬರೆದದ್ದು. ಮೈನಾ ಹಕ್ಕಿಯೊಂದಿಗೆ ಮಾತಾಡುತ್ತಾ ನಿಂತ ನೀಳ ದೇಹದ ಜೋಗಿತಿ. ವಿಜಯಪುರದಲ್ಲಿ ಹುಟ್ಟಿದವಳನ್ನು ನೋಡಲು ನಾವು ಐರ್ಲೆಂಡಿಗೆ ವೀಸಾ ಮಾಡಿಸಬೇಕು. ಬೆಂಗಳೂರಿನಲ್ಲಿ ಅವಳ ವೇಷವಾದರೂ ಆಗಲಿ ಎಂದು ಈಕೆ ನಿಂತದ್ದು ಒಳ್ಳೆಯದೇ ಆಯಿತು.

ತೋಡ ಹೆಂಗಸಿನ ಚಿತ್ರದ ಮುಂದೆ ನಗು ನಿಲ್ಲುತ್ತದೆ. ಹಿಂದೆ ಚದುರಂಗದ ಹಾಸಿನಂಥ ಚೌಕಗಳ ಪರದೆ. ಅದು ಅಲಂಕಾರವಲ್ಲ. 1869ರಲ್ಲಿ ಲ್ಯಾಂಪ್ರೇ ಎಂಬ ಇಂಗ್ಲಿಷಿನವನು ಮರದ ಚೌಕಟ್ಟಿಗೆ ರೇಷ್ಮೆದಾರ ಬಿಗಿದು, ಎರಡೆರಡು ಇಂಚಿನ ಚೌಕ ಮಾಡಿ, ಅದರ ಮುಂದೆ ಬೆತ್ತಲೆ ಮನುಷ್ಯರನ್ನು ನಿಲ್ಲಿಸಿ ಫೋಟೋ ತೆಗೆಯುವ ಕ್ರಮ ಪ್ರಕಟಿಸಿದ. ಯಾವ ಜನಾಂಗದವರ ತೋಳು ಎಷ್ಟುದ್ದ ಎಂದು ಮನೆಯಲ್ಲಿ ಕೂತು ಎಣಿಸಬಹುದಲ್ಲ! ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ ಚೌಕಗಳ ಪರದೆಯ ಮುಂದೆ ದ್ವೀಪವಾಸಿಗಳನ್ನು ನಿಲ್ಲಿಸಿದ. ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್‌ಟನ್ ಜನರ ತಲೆ, ಮೂಗುಗಳನ್ನು ಕ್ಯಾಲಿಪರಿನಿಂದ ಅಳೆದು, 1909ರಲ್ಲಿ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದ. ಆ ಸಂಪುಟಗಳನ್ನು ಇಂದಿಗೂ ನಮ್ಮ ಪ್ರಾಧ್ಯಾಪಕರು ಅಡಿಟಿಪ್ಪಣಿಗೆ ಬಳಸುತ್ತಾರೆ. ಪುಷ್ಪಮಾಲಾ ಅವರು ಮಾಡಿದ ಕಿತಾಪತಿ ಏನೆಂದರೆ, ಸರಣಿಯ ಇನ್ನೊಂದು ಭಾಗದಲ್ಲಿ ಉಳಿದ ಮಾದರಿಗಳನ್ನೂ ಅದೇ ಚೌಕಗಳ ಮುಂದೆ ತಂದು ಅಳತೆಗೋಲು ಹಿಡಿದರು. ದೇವಿಯ ಮೂಗಿಗೂ ಕ್ಯಾಲಿಪರ್! ಆಗ ಅಳೆಯುವವನ ಗಾಂಭೀರ್ಯ ಹೇಗಿದೆ ಎಂದು ಗೊತ್ತಾಗುತ್ತದೆ. ತೋಡ ಹೆಂಗಸನ್ನು ಅಳೆದರೆ ವಿಜ್ಞಾನ, ಲಕ್ಷ್ಮಿಯನ್ನು ಅಳೆದರೆ ತಮಾಷೆ ಎಂದು ನಮಗೆ ಯಾಕೆ ಅನ್ನಿಸಬೇಕು?

ಕಳ್ಳಿಯರ ಚಿತ್ರವಂತೂ ನಮ್ಮೆಲ್ಲರದೂ ಹೌದು. ಗುರುತು ಚೀಟಿಗೆ ಫೋಟೋ ತೆಗೆಸಿಕೊಳ್ಳಲು ಸರಕಾರಿ ಕೇಂದ್ರದ ಸ್ಟೂಲಿನ ಮೇಲೆ ಕೂತಾಗ ‘ನಗಬೇಡಿ, ಅಲ್ಲಾಡಬೇಡಿ, ನೆಟ್ಟಗೆ ನೋಡಿ’ ಎಂಬ ಅಪ್ಪಣೆಯಾಗುತ್ತದೆ. ಬಂದ ಚಿತ್ರವನ್ನು ನೋಡಿದರೆ ಯಾವುದೋ ಸೆಕ್ಷನ್ನಿನ ಅಡಿಯಲ್ಲಿ ಸಿಕ್ಕಿಬಿದ್ದವರ ಹಾಗಿರುತ್ತೇವೆ. ನಿರಪರಾಧಿ ಎಂದು ಸಾಬೀತು ಮಾಡುವ ಚೀಟಿಯಲ್ಲೇ ಅಪರಾಧಿಯ ಮೋರೆ. ಎದೆಯ ಮುಂದೆ ಹಲಗೆ ಹಿಡಿಸಿ ನಿಲ್ಲಿಸಿದರೆ ಸಂತರೂ ಕಳ್ಳರ ಹಾಗೇ ಕಾಣುತ್ತಾರೆ.

ಇಡೀ ಯೋಜನೆಯಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೋಗಳಿವೆ. ಅದರ ಕೊನೆಯ ಭಾಗ ನನಗೆ ಬಹಳ ಇಷ್ಟ. ಸೆಟ್ಟು ಕಟ್ಟುವುದು, ಪರದೆಗೆ ಬಣ್ಣ ಹಚ್ಚುವುದು, ಸೀರೆ ಸರಿಪಡಿಸುವುದು, ಲೈಟು ಹಿಡಿಯುವುದು ಎಲ್ಲವೂ ಅಲ್ಲಿವೆ. ತೆರೆಮರೆಯ ಕೆಲಸವನ್ನೇ ತೆರೆ ಮುಂದೆ ತಂದು ಅದನ್ನೂ ಕೃತಿ ಎಂದು ತೂಗುಹಾಕಿದ್ದಾರೆ. ಥರ್ಸ್‌ಟನ್ನನ ಏಳು ಸಂಪುಟಗಳಿಗೆ ಇಂಥ ಎಂಟನೆಯದೊಂದು ಇದ್ದಿದ್ದರೆ, ಅಳತೆಗೆ ಬಾರದೆ ತಪ್ಪಿಸಿಕೊಂಡವರು ಯಾರು, ಹೆದರಿ ನಿಂತವರು ಯಾರು ಎಂದು ಗೊತ್ತಾಗುತ್ತಿತ್ತು.

ಎಲ್ಲವೂ ಸಾಹೇಬರ ಲೆಕ್ಕಪತ್ರವೇ ಆಗಬೇಕೆಂದಿಲ್ಲ. 2004ರಲ್ಲಿ ಅವರು ‘ರಾಷ್ಟ್ರೀಯ ಖೀರ್ ಮತ್ತು ದೇಸೀ ಸಲಾಡ್’ ಎಂಬ ಹನ್ನೊಂದು ನಿಮಿಷದ ವಿಡಿಯೋ ಮಾಡಿದರು. ಅದಕ್ಕೆ ಆಧಾರ ಮನೆಯ ಹಳೆಯ ಅಡುಗೆ ಪುಸ್ತಕಗಳು. ಅಡುಗೆ ಪುಸ್ತಕ ಎಂದರೆ ಗೊತ್ತಲ್ಲ, ಮೈಸೂರು ಪಾಕಿನ ಅಳತೆಯ ಕೆಳಗೆ ಹಾಲಿನ ಲೆಕ್ಕ, ಅದರ ಪಕ್ಕ ಯಾರದೋ ಫೋನ್ ನಂಬರು, ತಿರುಗಿಸಿದರೆ ಮಗುವಿನ ಮಗ್ಗಿ. ಸ್ವತಂತ್ರ ಭಾರತದ ಮೊದಲ ದಶಕಗಳ ಮಧ್ಯಮವರ್ಗದ ಮನೆಯೊಂದು ಹೇಗೆ ದೇಶವನ್ನೂ ಪಾಯಸವನ್ನೂ ಒಟ್ಟಿಗೆ ಕಲಸುತ್ತಿತ್ತು ಎಂಬುದೇ ಆ ಚಿತ್ರದ ವಿಷಯ. ಗೆಳತಿ ಗೌರಿ ಲಂಕೇಶ್ 2017ರ ಸೆಪ್ಟೆಂಬರಿನಲ್ಲಿ ಕೊಲೆಯಾದ ಮೇಲೆ ಅವರು ‘ಗೌರಿ ಲಂಕೇಶರ ಅರ್ಜೆಂಟ್ ಸಾರು’ ಎಂಬ ಪ್ರಯೋಗ ಮಾಡಿ ಜನರೆದುರಿಗೇ ಸಾರು ಮಾಡಿದರು. ಕೊಲೆಗೆ ಕಲೆಯ ಉತ್ತರ ಏನಿರಬಹುದು ಎಂದು ನಾವು ತಲೆ ಕೆರೆದುಕೊಳ್ಳುತ್ತಿರುವಾಗ ಅವರು ಒಲೆ ಹಚ್ಚಿದ್ದರು.

ಗಂಡುವೇಷಕ್ಕೂ ಅವರು ಹಿಂಜರಿಯಲಿಲ್ಲ. ಹೆಂಗಸು ಗಂಡುಪಾತ್ರ ಮಾಡುವುದು ನಮಗೆ ಹೊಸತೂ ಅಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ರಾವಣ, ಕಂಸ, ಭೀಮರಾಗಿ ಅಬ್ಬರಿಸಿದವರು. ಆ ಪರಂಪರೆಯ ಊರಿನವರು 2014ರಲ್ಲಿ ಕೊಚ್ಚಿ ಮುಜಿರಿಸ್ ಬಿನಾಲೆಗಾಗಿ ವಾಸ್ಕೋ ಡ ಗಾಮನಾದರು. ಮೂಲ ಚಿತ್ರ ವೆಲೋಸೊ ಸಲ್ಗಾದೊ ಎಂಬ ಪೋರ್ಚುಗೀಸ್ ಕಲಾವಿದನದು, 1898ರದು. ಗಾಮ ಬಂದು ನಾನೂರು ವರ್ಷವಾದ ಉತ್ಸಾಹದಲ್ಲಿ ಬರೆದದ್ದು. ಕಲ್ಲಿಕೋಟೆಯ ಸಾಮೂದಿರಿಯ ಮುಂದೆ ಗಾಮ ಎದೆಯೆತ್ತಿ ನಿಂತಿದ್ದಾನೆ, ಆಸ್ಥಾನ ಬೆರಗಾಗಿ ನೋಡುತ್ತಿದೆ.

ಆ ಯಾನದಲ್ಲಿದ್ದವರೊಬ್ಬರು ಬರೆದಿಟ್ಟ ದಿನಚರಿ ಬೇರೆಯೇ ಹೇಳುತ್ತದೆ. ಗಾಮ ರಾಜನಿಗೆ ಕೊಡಲು ತೆಗೆದಿಟ್ಟ ಬಟ್ಟೆ, ಟೋಪಿ, ಹವಳ, ಬೋಗುಣಿ, ಸಕ್ಕರೆ, ಎಣ್ಣೆ, ಜೇನುತುಪ್ಪ ನೋಡಿ ರಾಜನ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ತರುತ್ತಾನೆ, ರಾಜನಿಗೆ ಬಂಗಾರ ತನ್ನಿ ಎಂದರು. ಜೇನುತುಪ್ಪ ಕೊಟ್ಟು ಮೆಣಸಿನ ಸಾಮ್ರಾಜ್ಯ ಕೊಳ್ಳಲು ಬಂದವನ ಚಿತ್ರದಲ್ಲಿ ಆ ನಗೆಯನ್ನು ಮಾತ್ರ ಬಿಟ್ಟುಬಿಟ್ಟಿದ್ದರು. ನಾನೂರು ವರ್ಷ ಕಾದರೆ ಎಂಥ ಮುಜುಗರದ ಮೇಲೂ ಒಳ್ಳೆಯ ಪರದೆ ಎಳೆಯಬಹುದು. 1524ರಲ್ಲಿ ಗಾಮ ಸತ್ತದ್ದೂ ಕೊಚ್ಚಿಯಲ್ಲೇ, ಮೊದಲು ಹೂತದ್ದೂ ಅಲ್ಲಿಯ ಚರ್ಚಿನಲ್ಲೇ. ಅವನನ್ನು ಹೂತ ಊರಿಗೇ ಬೆಂಗಳೂರಿನ ಹೆಂಗಸೊಬ್ಬರು ಅವನ ವೇಷ ಹೊತ್ತು ಬಂದದ್ದು ಆ ಹಳೆಯ ನಗೆಯನ್ನು ಚಿತ್ರಕ್ಕೆ ವಾಪಸು ಸೇರಿಸಿದ ಹಾಗಾಯಿತು.

ಭಾರತಮಾತೆಯ ಅವತಾರಗಳನ್ನೂ ಅವರು ಹಳೆಯ ಮುದ್ರಿತ ಚಿತ್ರಗಳಿಂದ ಎತ್ತಿ ಆಡಿದ್ದಾರೆ. 2012ರಲ್ಲಿ ಸೀತೆ, ಕೈಕೇಯಿ, ಶೂರ್ಪನಖಿ ಮೂವರೂ ಆಗಿ ‘ಆವೇಗ’ ಸರಣಿ ಮಾಡಿದ್ದಾರೆ. 2019ರ ಚೆನ್ನೈ ಫೋಟೋ ಬಿನಾಲೆಯನ್ನು ರೂಪಿಸಿದ್ದಾರೆ. ಈ ಪಟ್ಟಿ ಬೆಳೆಸಿದರೆ ಹರಟೆ ಸನ್ಮಾನಪತ್ರವಾಗಿಬಿಡುತ್ತದೆ. ಅದಕ್ಕೆ ಚೌಕಟ್ಟು ಹಾಕಿಸಲು ಮತ್ತೆ ಸ್ಟುಡಿಯೋದವರ ಹತ್ತಿರ ಹೋಗಬೇಕು.

ಇತ್ತೀಚಿನ ಒಂದು ಕೆಲಸ ಹೇಳದೆ ಬಿಡುವಂತಿಲ್ಲ. 2018ರ ಹೊತ್ತಿಗೆ ಶಿಲ್ಪಿಯ ಕೈ ಮತ್ತೆ ತುರಿಸಿರಬೇಕು. ತಾಮ್ರದ ಫಲಕಗಳ ಮೇಲೆ ಅಪರೂಪದ, ಅಳಿದುಹೋದ ಲಿಪಿಗಳ ಅಟ್ಲಾಸೊಂದನ್ನು ಕೊರೆದರು. ನೋಡಿದರೆ ತಾಮ್ರಶಾಸನ, ಓದಲು ಹೋದರೆ ದಕ್ಕುವುದಿಲ್ಲ. ಮಣ್ಣಿನಿಂದ ಹೊರಟು, ಫೋಟೋ ಕಾಗದ ದಾಟಿ, ತಾಮ್ರಕ್ಕೆ ಬಂದರೂ ಆಟ ಬದಲಾಗಲಿಲ್ಲ. ಫೋಟೋ ಬರುವ ಮೊದಲು ‘ಇದು ಸತ್ಯ, ಪುರಾವೆ ಇಲ್ಲಿದೆ’ ಎನ್ನಲು ನಮ್ಮಲ್ಲಿದ್ದದ್ದು ತಾಮ್ರವೇ ತಾನೇ?

ಆ ತಾಮ್ರವೂ ವೇಷ ಹಾಕಿದ್ದುಂಟು. ಗಂಗ ಅರಸರ ಹೆಸರಿನಲ್ಲಿ ಸಿಕ್ಕ ಎಷ್ಟೋ ತಾಮ್ರಪಟಗಳನ್ನು ಶಾಸನತಜ್ಞ ಫ್ಲೀಟ್ ಖೋಟಾ ಎಂದ. ಶಾಸನಗಳ ಇನ್ನೊಬ್ಬ ಪಂಡಿತರಾದ ನಮ್ಮ ರೈಸ್ ಸಾಹೇಬರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಇಬ್ಬರ ಜಗಳ ವರ್ಷಗಟ್ಟಲೆ ನಡೆಯಿತು. ಫ್ಲೀಟನ ಲೆಕ್ಕದಲ್ಲಿ, ಜಮೀನಿನ ಆಸೆಗೆ ಯಾರೋ ಹಳೆಯ ಲಿಪಿ, ಹಳೆಯ ವಂಶಾವಳಿ, ಹಳೆಯ ಮುದ್ರೆ ಎಲ್ಲ ಜೋಡಿಸಿ ಮಾಡಿಕೊಂಡ ಕೂಟಶಾಸನಗಳವು. ನನಗೆ ಮೋಜೆನಿಸುವುದು ಅವುಗಳ ಕೊನೆಯ ಸಾಲುಗಳು. ಈ ದಾನವನ್ನು ಯಾರು ಅಪಹರಿಸುತ್ತಾರೋ ಅವರು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾರೆ ಎಂಬ ಶಾಪ ಸಾಚಾ ಶಾಸನದಲ್ಲಿರುವುದು ಸರಿ. ಖೋಟಾ ಮಾಡಿದವನೂ ಅದನ್ನು ಮರೆಯದೆ ಕೆತ್ತಿಸುತ್ತಾನೆ, ಸ್ವಲ್ಪ ಆಳವಾಗಿಯೇ ಕೆತ್ತಿಸಿದ್ದರೂ ಆಶ್ಚರ್ಯವಿಲ್ಲ. ಹೊಲಿಗೆ ಮುಚ್ಚಿದ ವೇಷಕ್ಕೆ ಕಾವಲು ಬೇಕು. ಚೌಕಗಳ ಪರದೆಯ ಹಿಂದೆ ಸರಕಾರವಿತ್ತು, ಸಲ್ಗಾದೊನ ಕುಂಚದ ಹಿಂದೆ ಸಾಮ್ರಾಜ್ಯವಿತ್ತು, ‘ನಗಬೇಡಿ’ ಎನ್ನುವವನ ಹಿಂದೆ ಇಲಾಖೆಯಿದೆ. ಪುಷ್ಪಮಾಲಾ ಅವರ ತಾಮ್ರದ ಹಿಂದೆ ಅಂಥ ಕಾವಲುಗಾರ ಯಾರೂ ಇಲ್ಲ. ಆದ್ದರಿಂದ ಇನ್ನು ಮೇಲೆ ಯಾವ ಚಿತ್ರವಾದರೂ ತಾನು ಅಪ್ಪಟ ಸತ್ಯ ಎಂದು ಆಣೆಯಿಟ್ಟು ಹೇಳಿದರೆ, ಮೊದಲು ಕೆಳಗಿನ ಶಾಪದ ಸಾಲು ಓದಿ ನೋಡಿ. ಶಾಪ ಎಷ್ಟು ದೊಡ್ಡದೋ, ದಾರ ಅಷ್ಟು ಸಡಿಲ ಎಂದು ಧೈರ್ಯವಾಗಿ ಎಳೆಯಬಹುದು.